ಮೂಡು, ಬಡಗು, ಮೇಲು: ಮೂರು ಆಯಾಮಗಳಲ್ಲಿ ಉದ್ದ ಮತ್ತು ಕೋನಗಳ ನಿರ್ಣಯ

ವಿರಾಜಪೇಟೆಯಿಂದ ತಡಿಯಂಡಮೋಳ್ ಶಿಖರ ಎಷ್ಟು ದೂರ ಎಂಬ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಸರಿಯುತ್ತರಗಳುಂಟು. ಕಕ್ಕಬ್ಬೆಯ ಕಡೆಗೆ ಹೋಗುವ ಬಸ್ಸು ಸುತ್ತಿ ಬಳಸಿ ಕ್ರಮಿಸುವ ದೂರ ಒಂದು. ಭೂಪಟದ ಮೇಲೆ ಅಡಿಕೋಲಿಟ್ಟಾಗ ಬರುವ ದೂರ ಇನ್ನೊಂದು. ಊರಿನ ನೆಲದಿಂದ ಶಿಖರದ ತುದಿಗೆ ಗಾಳಿಯಲ್ಲಿ ದಾರವೊಂದನ್ನು ಬಿಗಿದು ಎಳೆದರೆ ದೊರೆಯುವ ದೂರ ಮೂರನೆಯದು. ಮೊದಲನೆಯದನ್ನು ಚಕ್ರ ಹೇಳುತ್ತದೆ, ಎರಡನೆಯದನ್ನು ಅಡಿಕೋಲು ಹೇಳುತ್ತದೆ. ಮೂರನೆಯದನ್ನು ಸಾಮಾನ್ಯವಾಗಿ ಲೆಕ್ಕದಿಂದಲೇ ಪಡೆಯಬೇಕು. ಆ ಲೆಕ್ಕಕ್ಕೆ ಇಂದು ಬಳಕೆಯಲ್ಲಿರುವ ಸರಳ ಉಪಕರಣವೇ ಸದಿಶ.

ಕನ್ನಡ ವಿಭಾಗದ ಪತ್ರಿಕೆಯೊಂದರಲ್ಲಿ ಸದಿಶದ ವಿಚಾರವೇಕೆ ಎಂಬ ಸಂದೇಹ ಸಹಜವಾದುದು. ಅದಕ್ಕೆ ಎರಡು ಕಾರಣಗಳನ್ನು ಕೊಡಬಹುದು. ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿ ಹತ್ತನೆಯ ತರಗತಿಯ ಹೊತ್ತಿಗೆ ಪೈಥಾಗೊರಸನ ಪ್ರಮೇಯ, ನಿರ್ದೇಶಾಂಕ ರೇಖಾಗಣಿತ, ತ್ರಿಕೋನಮಿತಿ ಈ ಮೂರನ್ನೂ ತನ್ನ ಭಾಷೆಯಲ್ಲಿಯೇ ಕಲಿತಿರುತ್ತಾನೆ. ಸದಿಶವು ಈ ಮೂರನ್ನೂ ಒಂದೆಡೆ ಕೂಡಿಸುವ ಪರಿಕಲ್ಪನೆ. ಆದರೆ ಅದು ಎದುರಾಗುವುದು ಪದವಿಪೂರ್ವ ವಿಜ್ಞಾನ ತರಗತಿಗಳಲ್ಲಿ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಕೂಡುವ ಹಂತಕ್ಕೆ ಬಂದಾಗಲೇ ಭಾಷೆ ಕಳಚಿಕೊಳ್ಳುತ್ತದೆ. ಎರಡನೆಯ ಕಾರಣ ನಮ್ಮ ಮನೆಯೊಳಗಿನದು. ಪಠ್ಯಗಳನ್ನು ಗಣಕಯಂತ್ರದಿಂದ ಹೋಲಿಸುವ ಅಧ್ಯಯನಗಳು ಕನ್ನಡಕ್ಕೂ ಬಂದಿವೆ. ‘ಈ ಎರಡು ಕೃತಿಗಳ ಸಾಮ್ಯ 0.57’ ಎಂಬಂತಹ ವಾಕ್ಯ ಇನ್ನು ಮುಂದೆ ನಮ್ಮ ಸಂಶೋಧನ ಪ್ರಬಂಧಗಳಲ್ಲಿಯೂ ಕಾಣಿಸಿಕೊಳ್ಳುವಂಥದ್ದು. ಆ ಸಂಖ್ಯೆ ಎರಡು ಸದಿಶಗಳ ನಡುವಣ ಕೋನಕ್ಕೆ ಸಂಬಂಧಿಸಿದ್ದು. ಅದು ಎಲ್ಲಿಂದ ಬಂತೆಂದು ತಿಳಿಯದೆ ಪ್ರಬಂಧವನ್ನು ಒಪ್ಪುವುದೂ ಕಷ್ಟ, ತಿರಸ್ಕರಿಸುವುದೂ ಕಷ್ಟ.

ಪ್ರಸ್ತುತ ಲೇಖನವು ಸದಿಶಗಳಿಂದ ಉದ್ದವನ್ನೂ ಕೋನವನ್ನೂ ಪಡೆಯುವ ಕ್ರಮವನ್ನು ಕೊಡಗಿನ ನೆಲದ ಮೇಲೆ ನಿಂತು ವಿವರಿಸಲು ಯತ್ನಿಸುತ್ತದೆ. ಸೂತ್ರಗಳು ಸುಲಭ; ಕೂಡುವುದು, ಗುಣಿಸುವುದು, ವರ್ಗಮೂಲ ತೆಗೆಯುವುದು ಬಂದರೆ ಸಾಕು. ಎಚ್ಚರ ಬೇಕಾದುದು ಸೂತ್ರಕ್ಕೆ ಮೊದಲು ನಾವು ಮಾಡಿಕೊಳ್ಳುವ ಒಪ್ಪಂದಗಳಲ್ಲಿ: ಎಲ್ಲಿಂದ ಅಳೆಯುತ್ತೇವೆ, ಯಾವ ಮಾನದಲ್ಲಿ ಅಳೆಯುತ್ತೇವೆ, ಯಾವ ದಿಕ್ಕುಗಳನ್ನು ಪರಸ್ಪರ ಲಂಬವೆಂದು ಭಾವಿಸುತ್ತೇವೆ.

1. ಪದ ಮತ್ತು ದಿಕ್ಕು

ಲ್ಯಾಟಿನ್ ಮೂಲದ ‘ವೆಕ್ಟರ್’ ಎಂಬ ಪದಕ್ಕೆ ಒಯ್ಯುವವನು, ಹೊರುವವನು ಎಂದು ಅರ್ಥ. ಐರ್ಲೆಂಡಿನ ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ 1840ರ ದಶಕದಲ್ಲಿ ಅದನ್ನು ಇಂದಿನ ಗಣಿತಾರ್ಥದಲ್ಲಿ ಬಳಕೆಗೆ ತಂದ. ಒಂದು ಬಿಂದುವಿನಿಂದ ಇನ್ನೊಂದಕ್ಕೆ ನಮ್ಮನ್ನು ಒಯ್ಯುವುದು ಎಂಬ ಭಾವ ಅದರಲ್ಲಿದೆ. ನಮ್ಮ ‘ಸದಿಶ’ ಆ ಪದದ ಅನುವಾದವಲ್ಲ. ಅದು ಒಯ್ಯುವಿಕೆಯನ್ನು ಬಿಟ್ಟು ದಿಕ್ಕನ್ನು ಹಿಡಿಯುತ್ತದೆ: ದಿಶೆಯೊಡನೆ ಕೂಡಿದ್ದು ಸದಿಶ, ದಿಶೆಯಿಲ್ಲದ್ದು ಅದಿಶ. ಕಾಫಿಯ ದ್ರವ್ಯರಾಶಿ ಅದಿಶ, ಮಳೆಯ ಪ್ರಮಾಣವೂ ಅದಿಶ. ‘ಇಲ್ಲಿಂದ ಪಡುವಣಕ್ಕೆ ಇಪ್ಪತ್ತೊಂದು ಕಿಲೋಮೀಟರು’ ಎಂಬುದು ಸದಿಶ. ಪಾರಿಭಾಷಿಕ ಪದಗಳ ವಿಚಾರದಲ್ಲಿ ನಮ್ಮಲ್ಲಿ ದೂರುಗಳೇ ಹೆಚ್ಚು. ಆದರೆ ಈ ಜೋಡಿ ಮೂಲಕ್ಕಿಂತ ಸ್ಪಷ್ಟವಾಗಿದೆ ಎಂದೇ ನನ್ನ ಅಭಿಪ್ರಾಯ.

ಮೂರು ಆಯಾಮಗಳ ಅವಕಾಶದಲ್ಲಿ ಒಂದು ಸ್ಥಾನವನ್ನು ಗುರುತಿಸಲು ಒಂದು ಮೂಲಬಿಂದುವೂ ಅಲ್ಲಿಂದ ಹೊರಡುವ ಮೂರು ದಿಕ್ಕುಗಳೂ ಬೇಕು. ಈ ಮೂರು ದಿಕ್ಕುಗಳಿಗೆ ಕನ್ನಡದಲ್ಲಿ ಬಹು ಹಿಂದಿನಿಂದಲೂ ಜೋಡಿಪದಗಳಿವೆ: ಮೂಡು–ಪಡು, ಬಡಗು–ತೆಂಕು, ಮೇಲು–ಕೆಳಗು. ಸೂರ್ಯ ಮೂಡುವ ಕಡೆ ಮೂಡು, ಬೀಳುವ ಕಡೆ ಪಡು. ಮೂಡುಬಿದಿರೆ, ಪಡುಬಿದ್ರಿ ಎಂಬ ಊರ ಹೆಸರುಗಳಲ್ಲಿ ಈ ಜೋಡಿ ಇಂದಿಗೂ ಜೀವಂತವಾಗಿದೆ. ಪ್ರತಿ ಜೋಡಿಯಲ್ಲಿಯೂ ಒಂದು ಇನ್ನೊಂದರ ನೇರ ವಿರುದ್ಧ. ಆದುದರಿಂದ ಆರು ಪದಗಳ ಬದಲು ಮೂರನ್ನು ಇಟ್ಟುಕೊಂಡು, ವಿರುದ್ಧವನ್ನು ಋಣಚಿಹ್ನೆಯಿಂದ ಸೂಚಿಸಿದರೆ ಸಾಕು. ಏಳನೆಯ ಶತಮಾನದ ಬ್ರಹ್ಮಗುಪ್ತ ಧನ–ಋಣಗಳ ಲೆಕ್ಕಕ್ಕೆ ನಿಯಮಗಳನ್ನು ಕೊಟ್ಟಾಗ ಅವು ಆಸ್ತಿ ಮತ್ತು ಸಾಲದ ಮಾತುಗಳಾಗಿದ್ದವು. ಇಲ್ಲಿ ಅವು ದಿಕ್ಕಿನ ಮಾತುಗಳಾಗುತ್ತವೆ. ‘ಪಡುವಣಕ್ಕೆ 21’ ಎಂಬುದನ್ನು ‘ಮೂಡಣಕ್ಕೆ −21’ ಎಂದು ಬರೆಯುತ್ತೇವೆ.

ವಿರಾಜಪೇಟೆಯನ್ನು ಮೂಲಬಿಂದುವಾಗಿ ಇಟ್ಟುಕೊಳ್ಳೋಣ. ಪಟ್ಟಣ ಸಮುದ್ರಮಟ್ಟದಿಂದ ಸುಮಾರು 910 ಮೀಟರು ಎತ್ತರದಲ್ಲಿದೆ. ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳ್ 1,748 ಮೀಟರು. ಅಕ್ಷಾಂಶ ರೇಖಾಂಶಗಳನ್ನು ಕಿಲೋಮೀಟರುಗಳಿಗೆ ಪರಿವರ್ತಿಸಿ, ವಿವರಣೆಯ ಅನುಕೂಲಕ್ಕಾಗಿ ಪೂರ್ಣಸಂಖ್ಯೆಗಳಿಗೆ ಇಳಿಸಿದರೆ, ಶಿಖರವು ಊರಿಗೆ ಪಡುವಣದಲ್ಲಿ 21 ಕಿ.ಮೀ., ಬಡಗಣದಲ್ಲಿ 2 ಕಿ.ಮೀ., ಮೇಲೆ 0.84 ಕಿ.ಮೀ. ದೂರದಲ್ಲಿದೆ. ಆದ್ದರಿಂದ ತಡಿಯಂಡಮೋಳಿನ ಸದಿಶ (−21, 2, 0.84). ಇದೇ ರೀತಿಯಲ್ಲಿ ಸುಮಾರು 1,170 ಮೀಟರು ಎತ್ತರದ ಮಡಿಕೇರಿಯ ಸದಿಶ (−7, 25, 0.26). ಮೊದಲ ಸ್ಥಾನ ಮೂಡಿನದು, ಎರಡನೆಯದು ಬಡಗಿನದು, ಮೂರನೆಯದು ಮೇಲಿನದು. ಈ ಆನುಪೂರ್ವಿಯನ್ನು ಕೊನೆಯವರೆಗೆ ತಪ್ಪಿಸಬಾರದು.

2. ಉದ್ದ: ಕರ್ಣದ ಮೇಲೊಂದು ಕರ್ಣ

ಸಮಕೋನ ತ್ರಿಭುಜದ ಬಾಹುಗಳಿಗೆ ಭಾರತೀಯ ಗಣಿತದಲ್ಲಿ ಭುಜ, ಕೋಟಿ, ಕರ್ಣ ಎಂಬ ಹೆಸರುಗಳಿವೆ. ರಾಷ್ಟ್ರಕೂಟ ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಕ್ಷೇತ್ರಗಣಿತವನ್ನು ನಿರೂಪಿಸಿದ. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳಲ್ಲಿ ಅಂತಹ ವಿಷಯಗಳನ್ನು ಕನ್ನಡಕ್ಕೆ ತಂದ. ಭುಜ ಮತ್ತು ಕೋಟಿಗಳ ವರ್ಗಗಳ ಮೊತ್ತವು ಕರ್ಣದ ವರ್ಗಕ್ಕೆ ಸಮ ಎಂಬ ಮಾತು ಕನ್ನಡಕ್ಕೆ ಹೊಸತಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಮೂರು ಆಯಾಮಗಳ ಉದ್ದಕ್ಕೆ ಬೇರೆ ಪ್ರಮೇಯ ಬೇಕಿಲ್ಲ. ಇದನ್ನೇ ಎರಡು ಸಲ ಪ್ರಯೋಗಿಸಬೇಕು. ಮೊದಲು ಮಟ್ಟಸವಾದ ನೆಲದ ಮೇಲೆ: ಪಡುವಣಕ್ಕೆ 21, ಬಡಗಣಕ್ಕೆ 2. ಇವುಗಳ ಕರ್ಣದ ವರ್ಗ 441 + 4 = 445; ಕರ್ಣ ಸುಮಾರು 21.10 ಕಿ.ಮೀ. ಭೂಪಟದ ಅಡಿಕೋಲು ಹೇಳುವುದು ಇದನ್ನೇ. ಈಗ ಈ ಕರ್ಣವೇ ಹೊಸ ತ್ರಿಭುಜವೊಂದರ ಭುಜವಾಗುತ್ತದೆ. ಅದರ ಕೊನೆಯಲ್ಲಿ 0.84 ಕಿ.ಮೀ. ಎತ್ತರದ ಕೋಟಿ ನೆಟ್ಟಗೆ ನಿಲ್ಲುತ್ತದೆ. ವರ್ಗಗಳ ಮೊತ್ತ 445 + 0.7056 = 445.7056, ವರ್ಗಮೂಲ ಸುಮಾರು 21.11 ಕಿ.ಮೀ. ಮೂರೂ ಘಟಕಗಳನ್ನು ವರ್ಗಿಸಿ, ಕೂಡಿಸಿ, ವರ್ಗಮೂಲ ತೆಗೆಯುವುದು ಎಂಬ ಸೂತ್ರ ಹುಟ್ಟುವುದು ಹೀಗೆ.

ಇಲ್ಲಿ ಒಂದು ಅಂಶ ಓದುಗರಿಗೆ ಅಚ್ಚರಿಯನ್ನುಂಟುಮಾಡಬಹುದು. ಕೊಡಗಿನ ಅತ್ಯುನ್ನತ ಶಿಖರದ ಎತ್ತರವನ್ನು ಲೆಕ್ಕಕ್ಕೆ ಸೇರಿಸಿದರೂ ದೂರದಲ್ಲಿ ಹೆಚ್ಚಾದುದು ಹದಿನೇಳು ಮೀಟರಿನಷ್ಟು ಮಾತ್ರ. ಬೆಟ್ಟ ಹತ್ತುವವನ ಕಾಲಿಗೆ ಇದು ಒಪ್ಪಿಗೆಯಾಗದ ಮಾತು. ಆದರೆ ದೂರದ ಎದುರು ಎತ್ತರ ಕಿರಿದಾಗಿರುವಲ್ಲಿ ವರ್ಗ ಮಾಡಿದಾಗ ಅದು ಇನ್ನೂ ಕಿರಿದಾಗುತ್ತದೆ. ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಇಳಿಜಾರಾದ ಕಾಫಿ ತೋಟದಲ್ಲಿ ನೆಲದ ಮೇಲೆ 100 ಮೀಟರು ಉದ್ದದ ಹಗ್ಗ ಹಾಸಿದರೆ, ಇಳಿಜಾರು 30 ಡಿಗ್ರಿಯಷ್ಟಿದ್ದಾಗ, ನಕ್ಷೆಯಲ್ಲಿ ಅದು 86.6 ಮೀಟರು ಮಾತ್ರ. ಭೂದಾಖಲೆಗಳ ಅಳತೆ ಮಟ್ಟಸ ನೆಲದ್ದು. ಬೇಲಿ ಹಾಕುವವನ ತಂತಿಯ ಅಳತೆ ಇಳಿಜಾರಿನದು.

ಮಾನದ ವಿಚಾರದಲ್ಲಿಯೂ ಎಚ್ಚರ ಬೇಕು. ಬೆಟ್ಟಗಳ ಎತ್ತರವನ್ನು ಮೀಟರುಗಳಲ್ಲಿಯೂ ಊರುಗಳ ದೂರವನ್ನು ಕಿಲೋಮೀಟರುಗಳಲ್ಲಿಯೂ ಹೇಳುವುದು ರೂಢಿ. ಆ ರೂಢಿಯನ್ನು ಹಾಗೆಯೇ ಸೂತ್ರಕ್ಕೆ ತಂದು (−21, 2, 840) ಎಂದು ಬರೆದರೆ ಉದ್ದ 840.26 ಎಂದು ಬರುತ್ತದೆ. ಅದು 840.26 ಏನು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಕೋನವನ್ನು ಲೆಕ್ಕಹಾಕಿದರಂತೂ ಶಿಖರವು ವಿರಾಜಪೇಟೆಯ ನೆತ್ತಿಯ ಮೇಲೆಯೇ ಬಂದು ನಿಂತಿರುತ್ತದೆ.

3. ಕೋನ: ಗುಣಿಸಿ ಕೂಡಿಸುವುದು

ವಿರಾಜಪೇಟೆಯಲ್ಲಿ ನಿಂತವನು ಮಡಿಕೇರಿಯತ್ತ ಒಂದು ಕೈಯನ್ನೂ ತಡಿಯಂಡಮೋಳಿನತ್ತ ಇನ್ನೊಂದು ಕೈಯನ್ನೂ ಚಾಚಿದರೆ ಅವುಗಳ ನಡುವೆ ಎಷ್ಟು ಕೋನ? ಇದನ್ನು ಪಡೆಯುವ ಸಾಧನಕ್ಕೆ ಬಿಂದು ಗುಣಲಬ್ಧವೆಂದು ಹೆಸರು; ಉತ್ತರ ದಿಕ್ಕಿಲ್ಲದ ಸಂಖ್ಯೆಯಾದುದರಿಂದ ಅದಿಶ ಗುಣಲಬ್ಧವೆಂದೂ ಕರೆಯುತ್ತಾರೆ. ಮೂಡನ್ನು ಮೂಡಿನಿಂದ, ಬಡಗನ್ನು ಬಡಗಿನಿಂದ, ಮೇಲನ್ನು ಮೇಲಿನಿಂದ ಗುಣಿಸಿ, ಮೂರನ್ನೂ ಕೂಡಿಸುವುದು ಅದರ ಕ್ರಮ.

(−21) × (−7) = 147; 2 × 25 = 50; 0.84 × 0.26 = 0.2184. ಮೊತ್ತ 197.22.

ಇದು ಕೋನವನ್ನು ಹೇಗೆ ತಿಳಿಸುತ್ತದೆ? ಪಠ್ಯಪುಸ್ತಕಗಳು ಸಾಮಾನ್ಯವಾಗಿ ಸೂತ್ರವನ್ನು ಕೊಟ್ಟು ಮುಂದೆ ಸಾಗುತ್ತವೆ. ಅದರ ಹಿಂದಿನ ತರ್ಕ ಪುನಃ ಕರ್ಣದ್ದೇ. ತಡಿಯಂಡಮೋಳಿನಿಂದ ಮಡಿಕೇರಿಗೆ ಹೋಗುವ ಸದಿಶವನ್ನು ವ್ಯವಕಲನದಿಂದ ಪಡೆಯಬಹುದು. ಮಡಿಕೇರಿಯದರಿಂದ ತಡಿಯಂಡಮೋಳಿನದನ್ನು ಕಳೆದರೆ (14, 23, −0.58). ಇದರ ಉದ್ದದ ವರ್ಗ 196 + 529 + 0.3364 = 725.34. ಈಗ ವಿರಾಜಪೇಟೆಯಲ್ಲಿ ಸಮಕೋನವಿದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಬೇಕು. ಆಗ ಈ ಮೂರನೆಯ ಬಾಹುವೇ ಕರ್ಣವಾಗಿ, ಅದರ ವರ್ಗವು ಉಳಿದೆರಡರ ವರ್ಗಗಳ ಮೊತ್ತ, ಎಂದರೆ 445.71 + 674.07 = 1119.78, ಆಗಬೇಕಿತ್ತು. ವಾಸ್ತವದಲ್ಲಿ 394.44 ಕಡಮೆಯಿದೆ. ಈ ಕೊರತೆ ಬಿಂದು ಗುಣಲಬ್ಧದ ಸರಿಯಾಗಿ ಎರಡರಷ್ಟು. ಇದು ಆಕಸ್ಮಿಕವಲ್ಲ. ವ್ಯತ್ಯಾಸವನ್ನು ವರ್ಗಿಸಿದಾಗ ಪ್ರತಿ ಘಟಕದಲ್ಲಿಯೂ ಹುಟ್ಟುವ ‘ಎರಡು ಪಟ್ಟು ಗುಣಲಬ್ಧ’ವೇ ಅಲ್ಲಿ ಒಟ್ಟುಗೂಡಿದೆ. ಸಮಕೋನದಿಂದ ಎಷ್ಟು ಸರಿದಿದ್ದೇವೆ ಎಂಬುದನ್ನು ಬಿಂದು ಗುಣಲಬ್ಧ ಅಳೆಯುತ್ತದೆ. ಅದು ಸೊನ್ನೆಯಾದರೆ ಕೋನ 90 ಡಿಗ್ರಿ, ಧನವಾದರೆ ಕೋನ ಕಿರಿದು, ಋಣವಾದರೆ ಹಿರಿದು.

ಆದರೆ 197.22 ಎಂಬ ಸಂಖ್ಯೆ ಕೋನವನ್ನಷ್ಟೇ ಅಲ್ಲದೆ ದೂರಗಳನ್ನೂ ಹೊತ್ತಿದೆ. ಮಡಿಕೇರಿ ಇದೇ ದಿಕ್ಕಿನಲ್ಲಿ ಎರಡರಷ್ಟು ದೂರವಿದ್ದಿದ್ದರೆ ಅದೂ ಇಮ್ಮಡಿಯಾಗುತ್ತಿತ್ತು. ದೂರದ ಪ್ರಭಾವವನ್ನು ತೆಗೆಯಲು ಎರಡು ಉದ್ದಗಳಿಂದ ಭಾಗಿಸುತ್ತೇವೆ. 21.11 ಮತ್ತು 25.96ರ ಗುಣಲಬ್ಧ ಸುಮಾರು 548.1, ಭಾಗಲಬ್ಧ 0.3598. ಇದು ಕೋನದ ಕೊಸೈನ್. ಕೋಷ್ಟಕವನ್ನೋ ಗಣಕವನ್ನೋ ನೋಡಿದರೆ ಕೋನ 68.91 ಡಿಗ್ರಿ. (ಕೊಸೈನ್ ಎಂಬ ಪದವನ್ನು ಪರಕೀಯವೆಂದು ಭಾವಿಸಬೇಕಿಲ್ಲ. ಸಂಸ್ಕೃತದ ‘ಜ್ಯಾ’ ಅರಬ್ಬಿಯ ಮೂಲಕ ಲ್ಯಾಟಿನ್ನಿಗೆ ಹೋಗಿ ‘ಸೈನಸ್’ ಆಯಿತು, ಕೋಟಿಜ್ಯೆಯೇ ಕೊಸೈನ್. ನಾವು ಕಳಿಸಿದ ಸರಕು ಬೇರೆ ಗೋಣಿಯಲ್ಲಿ ಹಿಂದಿರುಗಿದೆ.)

ಇದೇ ಕ್ರಮದಲ್ಲಿ ತಡಿಯಂಡಮೋಳಿನಲ್ಲಿ ಏರ್ಪಡುವ ಕೋನ 64.09, ಮಡಿಕೇರಿಯಲ್ಲಿ ಏರ್ಪಡುವುದು 47.00. ಮೂರರ ಮೊತ್ತ 180. ಲೆಕ್ಕ ಸರಿಯಿದೆಯೇ ಎಂದು ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಕಿಲ್ಲ.

ಶಿಖರ ದಿಗಂತದಿಂದ ಎಷ್ಟು ಮೇಲೆ ಕಾಣಬೇಕು ಎಂಬುದನ್ನೂ ಕೇಳಬಹುದು. ನಡುವೆ ಮರ, ಗುಡ್ಡಗಳ ಅಡ್ಡಿಯಿಲ್ಲವೆಂದು ಭಾವಿಸಿದರೆ, 0.84ನ್ನು 21.11ರಿಂದ ಭಾಗಿಸಿದಾಗ ಬರುವ 0.0398 ಆ ಏರುಕೋನದ ಸೈನ್, ಕೋನ 2.3 ಡಿಗ್ರಿಗಿಂತ ತುಸು ಕಡಮೆ. ಕೊಡಗಿನ ನೆತ್ತಿಯೆನಿಸಿದ ಬೆಟ್ಟ ವಿರಾಜಪೇಟೆಯವನ ಕಣ್ಣಿಗೆ ಎರಡು ಡಿಗ್ರಿಯಷ್ಟು ಮಾತ್ರ ತಲೆಯೆತ್ತುತ್ತದೆ.

4. ತಡಿಯಂಡಮೋಳಿನ ಮೇಲಿನ ಠಾಣೆ

ಈ ತ್ರಿಕೋನವನ್ನು ಸುಮ್ಮನೆ ಆರಿಸಿಕೊಂಡುದಲ್ಲ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಸರಪಣಿಯಿಂದ ಅಳೆದು, ಅಲ್ಲಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳ ಜಾಲವನ್ನು ಹೆಣೆದ. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ಅಳೆದು ಲೆಕ್ಕವನ್ನು ಪರಿಶೀಲಿಸಿದ. ಘಟ್ಟದ ಮೇಲಿನ ಅವನ ಠಾಣೆಗಳಲ್ಲಿ ತಡಿಯಂಡಮೋಳ್ ಮತ್ತು ಸುಬ್ರಹ್ಮಣ್ಯದ ಬೆಟ್ಟ ಸೇರಿದ್ದವು. ಆಗ ಕೊಡಗನ್ನು ಆಳುತ್ತಿದ್ದವನು ದೊಡ್ಡವೀರರಾಜೇಂದ್ರ. ವಿರಾಜಪೇಟೆಗೆ ಹೆಸರು ಬಂದುದು ಅವನಿಂದ, ತಡಿಯಂಡಮೋಳಿನ ತಪ್ಪಲಿನ ನಾಲ್ಕುನಾಡು ಅರಮನೆಯೂ ಅವನದೇ. ಸುಮಾರು ಅರ್ಧ ಟನ್ ತೂಕದ ಕೋನಮಾಪಕವನ್ನು ಹೊತ್ತು ನಡೆಸಿದ ಈ ಮೋಜಣಿಯಿಂದ ಪರ್ಯಾಯದ್ವೀಪದ ಅಗಲದ ಕಲ್ಪನೆಯೇ ಬದಲಾಯಿತು. ಭೂಪಟಗಳು 400 ಮೈಲಿ ಎನ್ನುತ್ತಿದ್ದುದು ಸುಮಾರು 360 ಎಂದು ತೀರ್ಮಾನವಾಯಿತು.

ಲ್ಯಾಂಬ್ಟನ್ನನಿಗೆ ಸದಿಶ ಗೊತ್ತಿರಲಿಲ್ಲ. ಹ್ಯಾಮಿಲ್ಟನ್ನನ ಶೋಧ ಬಂದುದು 1843ರಲ್ಲಿ, ಇಂದಿನ ರೂಪದ ಸದಿಶಗಣಿತವನ್ನು ಗಿಬ್ಸ್ ಮತ್ತು ಹೆವಿಸೈಡ್ ರೂಪಿಸಿದುದು 1880ರ ದಶಕದಲ್ಲಿ. ಅವನ ದಾರಿ ನಮ್ಮ ದಾರಿಗೆ ತಿರುಗುಮುರುಗು. ನಾವು ಸ್ಥಾನಗಳಿಂದ ಹೊರಟು ಉದ್ದ, ಕೋನಗಳಿಗೆ ಬಂದೆವು. ಅವನು ಒಂದೇ ಒಂದು ಉದ್ದ ಹಾಗೂ ಅನೇಕ ಕೋನಗಳಿಂದ ಹೊರಟು ಸ್ಥಾನಗಳಿಗೆ ತಲುಪಿದ. ಕಾಡುಬೆಟ್ಟಗಳ ನಡುವೆ ಸರಪಣಿ ಎಳೆಯುವುದು ದುಸ್ಸಾಧ್ಯ, ಒಂದು ನೆತ್ತಿಯಿಂದ ಇನ್ನೊಂದು ನೆತ್ತಿಗೆ ದೃಷ್ಟಿ ಹಾಯಿಸುವುದು ಸಾಧ್ಯ ಎಂಬುದೇ ಅದಕ್ಕೆ ಕಾರಣ.

ನಮ್ಮ ಲೆಕ್ಕಕ್ಕೂ ಅವನ ಲೆಕ್ಕಕ್ಕೂ ಇನ್ನೊಂದು ವ್ಯತ್ಯಾಸವಿದೆ. ಎತ್ತರವನ್ನು ಬಿಟ್ಟು ನೆಲದ ಮೇಲಿನ ಕೋನವನ್ನಷ್ಟೇ ತೆಗೆದುಕೊಂಡರೆ ವಿರಾಜಪೇಟೆಯ ಕೋನ ಸುಮಾರು 20 ಸೆಕೆಂಡಿನಷ್ಟು ಬದಲಾಗುತ್ತದೆ. (ಡಿಗ್ರಿಯ 3600ನೆಯ ಒಂದು ಭಾಗ ಸೆಕೆಂಡು.) ಪಾಠದ ಮೇಜಿನ ಮೇಲೆ ಅದು ನಗಣ್ಯ, ಮೋಜಣಿದಾರನಿಗಲ್ಲ. ಅದಲ್ಲದೆ ನಾವು ನೆಲವನ್ನು ಮಟ್ಟಸವೆಂದು ಭಾವಿಸಿದೆವು. ಭೂಮಿ ಗುಂಡಗಿರುವುದರಿಂದ 21 ಕಿ.ಮೀ. ದೂರದಲ್ಲಿ ನೆಲ ನಮ್ಮ ಮಟ್ಟರೇಖೆಯಿಂದ ಸುಮಾರು 35 ಮೀಟರು ಕೆಳಗೆ ಬಾಗಿರುತ್ತದೆ; ನಮ್ಮ 0.84ರಲ್ಲಿ ಅಷ್ಟನ್ನು ಕಳೆಯಬೇಕಾಗುತ್ತದೆ. ಗೋಳದ ಮೇಲೆ ಬರೆದ ತ್ರಿಕೋನದ ಕೋನಗಳ ಮೊತ್ತವೂ 180ಕ್ಕಿಂತ ತುಸು ಹೆಚ್ಚು. ಸುಮಾರು 255 ಚದರ ಕಿ.ಮೀ. ವಿಸ್ತೀರ್ಣದ ನಮ್ಮ ತ್ರಿಕೋನಕ್ಕೆ ಆ ಹೆಚ್ಚುವರಿ 1.3 ಸೆಕೆಂಡು. ‘ಮೇಲು’ ಎಂಬ ದಿಕ್ಕು ವಿರಾಜಪೇಟೆಯಲ್ಲಿ ಒಂದು, ಮಡಿಕೇರಿಯಲ್ಲಿ ಕೂದಲೆಳೆಯಷ್ಟು ಬೇರೆ. ದಿಕ್ಕುಗಳು ಪ್ರಕೃತಿದತ್ತವಲ್ಲ, ನಾವು ಒಂದು ಬಿಂದುವಿನಲ್ಲಿ ನಿಂತು ಒಪ್ಪಿಕೊಂಡವು ಎಂಬುದು ಇಲ್ಲಿ ಮೊದಲ ಬಾರಿಗೆ ಗೋಚರಿಸುತ್ತದೆ.

5. ಮಾಡಿನ ಮೂಲೆ

ಬೆಟ್ಟಗಳ ನಡುವೆ ಮೂರನೆಯ ಆಯಾಮದ ಪ್ರಭಾವ ಅಲ್ಪವಾಗಿ ಕಂಡಿತು. ಅದು ಕೈಗೆ ಸಿಗುವಂತೆ ಕಾಣುವುದು ಮನೆಯ ಮಾಡಿನಲ್ಲಿ. ನಾಲ್ಕೂ ಕಡೆಗೆ ಇಳಿಯುವ ಮಾಡುಳ್ಳ ಹಳೆಯ ಮನೆಯೊಂದನ್ನು ಕಲ್ಪಿಸಿಕೊಳ್ಳಬೇಕು. ಕೊಡಗಿನ ಐನ್‌ಮನೆಗಳಲ್ಲಿ ಇಂತಹ ಮಾಡುಗಳುಂಟು. ಎರಡು ಮಾಡುಗಳು ಕೂಡುವಲ್ಲಿ ಮೂಲೆಯಿಂದ ನೆತ್ತಿಗೆ ಏರುವ ಓರೆಯಾದ ಮರವನ್ನು ಮೂಲೆಯ ಪಕಾಸಿ ಎನ್ನೋಣ. ಗೋಡೆಯಿಂದ ನೇರವಾಗಿ ಮೇಲೇರುವುದು ಸಾಮಾನ್ಯ ಪಕಾಸಿ. ಮೂಲೆಯಿಂದ ನೆತ್ತಿಯ ಕೊನೆ ಎರಡೂ ಗೋಡೆಗಳ ದಿಕ್ಕಿನಲ್ಲಿ 3 ಮೀಟರು ಒಳಗೆ, 2 ಮೀಟರು ಮೇಲೆ ಇದೆಯೆಂದು ಇಟ್ಟುಕೊಂಡರೆ, ಮೂಲೆಯ ಪಕಾಸಿಯ ಸದಿಶ (3, 3, 2), ಸಾಮಾನ್ಯ ಪಕಾಸಿಯದು (0, 3, 2).

ಉದ್ದಗಳು: ಮೊದಲನೆಯದು 22ರ ವರ್ಗಮೂಲ, 4.69 ಮೀಟರು, ಎರಡನೆಯದು 13ರ ವರ್ಗಮೂಲ, 3.61 ಮೀಟರು. ಬಿಂದು ಗುಣಲಬ್ಧ 0 + 9 + 4 = 13. ಭಾಗಿಸಿದಾಗ 0.7687, ಕೋನ 39.8 ಡಿಗ್ರಿ. ಮನೆಯ ನಕ್ಷೆಯನ್ನು ಕಾಗದದ ಮೇಲೆ ನೋಡಿದವನಿಗೆ ಇವೆರಡರ ನಡುವೆ ಕಾಣುವುದು 45 ಡಿಗ್ರಿ. ಕಾಗದದ ಕೋನದಂತೆ ಮರ ಕೊಯ್ದರೆ ಸಂದಿಯಲ್ಲಿ ಐದು ಡಿಗ್ರಿಗೂ ಹೆಚ್ಚಿನ ಬಿರುಕು ಉಳಿಯುತ್ತದೆ, ಕೊಡಗಿನ ಮಳೆ ಆ ಬಿರುಕನ್ನು ಬೇಗ ಕಂಡುಹಿಡಿಯುತ್ತದೆ. ಗೋಡೆಯ ದಿಕ್ಕನ್ನು (1, 0, 0) ಎಂದು ತೆಗೆದುಕೊಂಡರೆ ಸಾಮಾನ್ಯ ಪಕಾಸಿಯೊಡನೆ ಅದರ ಬಿಂದು ಗುಣಲಬ್ಧ ಸೊನ್ನೆ: ಪಕಾಸಿ ಮೇಲೇರುತ್ತಿದ್ದರೂ ಗೋಡೆಗೆ ಲಂಬವಾಗಿಯೇ ಇದೆ. ಮೂಲೆಯ ಪಕಾಸಿಯೊಡನೆ ಗೋಡೆಯ ಕೋನ 50.2, ಇದೂ 39.8ೂ ಕೂಡಿ 90. ನಕ್ಷೆ 45–45 ಎಂದು ಸಮನಾಗಿ ಹಂಚಿದ್ದನ್ನು ಮಾಡು ಬೇರೆಯಾಗಿ ಹಂಚಿಕೊಂಡಿದೆ. ಎರಡು ಮಾಡುಗಳು ಒಂದನ್ನೊಂದು ಸೇರುವ ಕೋನವನ್ನು, ಪ್ರತಿ ಮಾಡಿಗೂ ಲಂಬವಾದ ಸದಿಶಗಳನ್ನು ತೆಗೆದುಕೊಂಡು, ಇದೇ ರೀತಿ ಪಡೆಯಬಹುದು. ಇಲ್ಲಿ ಅದು 133.8 ಡಿಗ್ರಿ.

ಈ ಕೆಲಸವನ್ನು ಆಚಾರಿಗಳು ಸದಿಶವಿಲ್ಲದೆಯೇ ಮಾಡುತ್ತ ಬಂದಿದ್ದಾರೆ. ಅವರ ಕೈಯಲ್ಲಿರುವುದು ಮಟ್ಟಗೋಲು ಮತ್ತು ಅನುಪಾತದ ಅಭ್ಯಾಸ. ಅವರು ಆಡುವ ಮಾತುಗಳನ್ನು ಸಂಗ್ರಹಿಸಿದರೆ ನಮ್ಮ ಪಾರಿಭಾಷಿಕ ಕೋಶಗಳ ಬಡತನ ಸ್ವಲ್ಪ ನೀಗಬಹುದೆಂದು ತೋರುತ್ತದೆ.

6. ಪದಗಳ ಅವಕಾಶದಲ್ಲಿ ಕೋನ

ಇನ್ನು ನಮ್ಮ ಮನೆಯೊಳಗಿನ ಪ್ರಶ್ನೆ. ಪಠ್ಯವೊಂದರಲ್ಲಿ ‘ಬೆಟ್ಟ’ 4 ಸಲ, ‘ಹೊಳೆ’ 2 ಸಲ, ‘ತೋಟ’ 1 ಸಲ ಬಂದಿದೆಯೆಂದು ಭಾವಿಸಿ, ಅದನ್ನು (4, 2, 1) ಎಂದು ಬರೆಯೋಣ. ಮೂಡು, ಬಡಗು, ಮೇಲುಗಳ ಸ್ಥಾನದಲ್ಲಿ ಈಗ ಮೂರು ಪದಗಳಿವೆ. ಇನ್ನೊಂದು ಪಠ್ಯ (8, 4, 2). ಅದು ಇಮ್ಮಡಿ ದೀರ್ಘ, ಆದರೆ ಇವೆರಡರ ನಡುವೆ ಕೋನ ಸೊನ್ನೆ. ಉದ್ದದಿಂದ ಭಾಗಿಸುವುದರ ಪ್ರಯೋಜನ ಇಲ್ಲಿ ಕಾಣುತ್ತದೆ: ಸಣ್ಣ ಕತೆಯನ್ನೂ ಕಾದಂಬರಿಯನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದು. ಮೂರನೆಯ ಪಠ್ಯ (1, 2, 4) ಆಗಿದ್ದರೆ, ಮೊದಲನೆಯದರೊಡನೆ ಬಿಂದು ಗುಣಲಬ್ಧ 12. ಎರಡರ ಉದ್ದವೂ 21ರ ವರ್ಗಮೂಲ. ಭಾಗಲಬ್ಧ 12/21, ಎಂದರೆ 0.57, ಕೋನ ಸುಮಾರು 55 ಡಿಗ್ರಿ. ಪ್ರಬಂಧಗಳಲ್ಲಿ ಕಾಣುವ ‘ಸಾಮ್ಯ 0.57’ ಎಂಬುದು ಇಂತಹ ಕೊಸೈನ್. ಪದಗಳು ಮೂರರ ಬದಲು ಮೂವತ್ತು ಸಾವಿರವಾದರೂ ಕ್ರಮ ಬದಲಾಗದು. ಗುಣಿಸಿ ಕೂಡಿಸುವ ಸಾಲು ಉದ್ದವಾಗುತ್ತದೆ, ಅಷ್ಟೆ. ಜೆರಾರ್ಡ್ ಸಾಲ್ಟನ್ ಮತ್ತು ಸಂಗಡಿಗರು 1975ರಲ್ಲಿ ಗ್ರಂಥಸೂಚಿಯ ಕೆಲಸಕ್ಕಾಗಿ ಈ ಮಾದರಿಯನ್ನು ಮಂಡಿಸಿದರು.

ಆದರೆ ಕರ್ಣದ ಸೂತ್ರ ನಿಂತಿರುವುದು ಅಕ್ಷಗಳು ಪರಸ್ಪರ ಲಂಬವಾಗಿವೆ ಎಂಬ ಒಪ್ಪಂದದ ಮೇಲೆ ಎಂಬುದನ್ನು ಮರೆಯಬಾರದು. ಮೂಡು ಬಡಗುಗಳ ವಿಷಯದಲ್ಲಿ ಆ ಒಪ್ಪಂದ ನಂಬಲರ್ಹ. ಪದಗಳ ವಿಷಯದಲ್ಲಿ ಅದು ಬರಿಯ ಊಹೆ. ಯಂತ್ರಕ್ಕೆ ‘ಬೆಟ್ಟದ’, ‘ಬೆಟ್ಟಕ್ಕೆ’, ‘ಬೆಟ್ಟದಲ್ಲಿ’ ಇವು ಮೂರು ಬೇರೆ ಬೇರೆ ಅಕ್ಷರಸರಣಿಗಳು. ಆದ್ದರಿಂದ ಮೂರು ಅಕ್ಷಗಳು, ಒಂದಕ್ಕೊಂದು 90 ಡಿಗ್ರಿಯಲ್ಲಿ. ಒಬ್ಬ ಲೇಖಕ ‘ಬೆಟ್ಟದ’ ಎಂದು ಮೂರು ಸಲವೂ ‘ಹೊಳೆಯ’ ಎಂದು ಎರಡು ಸಲವೂ ಬರೆದಿದ್ದು, ಇನ್ನೊಬ್ಬ ಅಷ್ಟೇ ಸಲ ‘ಬೆಟ್ಟಕ್ಕೆ’, ‘ಹೊಳೆಗೆ’ ಎಂದು ಬರೆದಿದ್ದರೆ, ಬಿಂದು ಗುಣಲಬ್ಧ ಸೊನ್ನೆ. ಇಬ್ಬರಿಗೂ ಯಾವ ಸಂಬಂಧವೂ ಇಲ್ಲವೆಂದು ಯಂತ್ರ ತೀರ್ಪು ಕೊಡುತ್ತದೆ. ಪ್ರಕೃತಿಯನ್ನೂ ಪ್ರತ್ಯಯವನ್ನೂ ಬಿಡಿಸಿ, ಪ್ರಕೃತಿಗಳನ್ನು ಮಾತ್ರ ಎಣಿಸಿದರೆ ಎರಡೂ (3, 2) ಆಗಿ ಕೋನ ಸೊನ್ನೆಯಾಗುತ್ತದೆ. ವಿಭಕ್ತಿಪ್ರತ್ಯಯಗಳು ಕಡಮೆಯಿರುವ ಇಂಗ್ಲಿಷಿಗಾಗಿ ರೂಪುಗೊಂಡ ವಿಧಾನವನ್ನು ಕನ್ನಡಕ್ಕೆ ಹಾಗೆಯೇ ತಂದಾಗ ಸಾಮ್ಯದ ಅಂಕಗಳು ವಾಸ್ತವಕ್ಕಿಂತ ಕೆಳಗಿಳಿಯುವುದಕ್ಕೆ ಇದು ಮುಖ್ಯ ಕಾರಣ. ಕೇಶಿರಾಜನಿಂದ ಮೊದಲ್ಗೊಂಡು ನಮ್ಮ ವ್ಯಾಕರಣ ಪರಂಪರೆ ಮಾಡಿದ ಪ್ರಕೃತಿ–ಪ್ರತ್ಯಯ ವಿಭಜನೆ ಇಲ್ಲಿ ಗಣಿತದ ಪೂರ್ವಸಿದ್ಧತೆಯೇ ಆಗುತ್ತದೆ. ಅದನ್ನು ಮಾಡಬೇಕಾದವರು ಗಣಕ ವಿಭಾಗದವರಲ್ಲ.

ಪ್ರತ್ಯಯ ಬಿಡಿಸಿದ ಮೇಲೂ ಅರ್ಥದ ತೊಡಕು ಉಳಿಯುತ್ತದೆ. ಕೊಡಗಿನ ಬರಹಗಾರರಲ್ಲಿ ಒಬ್ಬರು ‘ತೋಟ’ ಎನ್ನುವುದನ್ನು ಇನ್ನೊಬ್ಬರು ‘ಎಸ್ಟೇಟು’ ಎನ್ನಬಹುದು. ಎಣಿಕೆಯ ಲೆಕ್ಕದಲ್ಲಿ ಇವು ಮೂಡು–ಬಡಗುಗಳಷ್ಟು ದೂರ. ಅರ್ಥದಲ್ಲಿ ತೀರ ಹತ್ತಿರ, ಆದರೂ ಒಂದೇ ಅಲ್ಲ. 2013ರ ನಂತರ ಪ್ರಚಾರಕ್ಕೆ ಬಂದ ಪದಸದಿಶ ವಿಧಾನಗಳು ಪ್ರತಿ ಪದಕ್ಕೂ ಅದರ ಅಕ್ಕಪಕ್ಕದ ಪದಗಳಿಂದ ಕೆಲವು ನೂರು ಘಟಕಗಳ ಸದಿಶವೊಂದನ್ನು ಕಟ್ಟಿ, ‘ತೋಟ’ ಮತ್ತು ‘ಎಸ್ಟೇಟು’ಗಳ ನಡುವೆ 90ರ ಬದಲು ಕಿರಿದಾದ ಕೋನ ಬರುವಂತೆ ಮಾಡಬಲ್ಲವು. ಆ ಕೋನ ಎಷ್ಟಿರಬೇಕೆಂಬುದನ್ನು ಅವಕ್ಕೆ ಉಣಿಸಿದ ಪಠ್ಯರಾಶಿ ನಿರ್ಧರಿಸುತ್ತದೆ. ಬೆಂಗಳೂರಿನ ದಿನಪತ್ರಿಕೆಗಳನ್ನಷ್ಟೇ ಉಣಿಸಿ ಪಡೆದ ಕೋನವನ್ನು ವಿರಾಜಪೇಟೆಯ ಬರಹಕ್ಕೆ ಅನ್ವಯಿಸುವ ಪ್ರಬಂಧವು, ಯಾವ ಮೂಲಬಿಂದುವಿನಿಂದ ಅಳೆದೆ, ಯಾವ ಅಕ್ಷಗಳನ್ನು ಇಟ್ಟುಕೊಂಡೆ ಎಂಬುದನ್ನು ತನ್ನ ಮೊದಲ ಅಧ್ಯಾಯದಲ್ಲಿಯೇ ಹೇಳಬೇಕಾಗುತ್ತದೆ.